ಪರಾಂಗ್ ಲಾ: ಹೊರಡುವ ಮೊದಲೇ ತೀರ್ಮಾನಿಸಬೇಕಾದವು

ಸ್ಪಿತಿಯ ಕಿಬ್ಬರ್‌ನಿಂದ ಲಡಾಖ್‌ನ ತ್ಸೋ ಮೊರಿರಿ ಸರೋವರದ ದಂಡೆಯ ಕರ್ಜೋಕ್‌ವರೆಗಿನ ಈ ಚಾರಣದ ನಡುವೆ ಸುಮಾರು 5,600 ಮೀಟರ್ ಎತ್ತರದ ಪರಾಂಗ್ ಲಾ ಎಂಬ ಪಾಸ್ (ಬೆಟ್ಟಸಾಲು ದಾಟುವ ದಾರಿ) ಇದೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗುವುದು ಒಳ್ಳೆಯದು.

ಅಪಾಯವಿರುವುದು ಪಾಸ್ ದಾಟಿದ ಮೇಲೆ. ಅಲ್ಲಿಂದ ಪಾರೆ ಚು ನದಿಯ ಕಣಿವೆ ದಿನಗಟ್ಟಲೆ 4,500 ಮೀಟರ್‌ಗಿಂತ ಕೆಳಗಿಳಿಯುವುದೇ ಇಲ್ಲ. ಎತ್ತರದ ಕಾಯಿಲೆಗೆ ಮದ್ದೇ ಕೆಳಗಿಳಿಯುವುದು. ಇಲ್ಲಿ ಇಳಿಯಲು ಜಾಗವೇ ಇಲ್ಲ. ಆದ್ದರಿಂದ ದೇಹ ಮೊದಲೇ ಒಗ್ಗಿರಬೇಕು. ಬೆಂಗಳೂರಿನಿಂದ ಹೋಗುವವರು ರಜೆ ಉಳಿಸಲು ಮನಾಲಿ ದಾರಿ ಹಿಡಿಯುತ್ತಾರೆ. ಶಿಮ್ಲಾ–ಕಿನ್ನೌರ್ ದಾರಿ ಉದ್ದವಾದರೂ ನಿಧಾನವಾಗಿ ಏರುತ್ತದೆ, ಅದೇ ವಾಸಿ. ಸ್ಪಿತಿಯ ಕಾಜಾದಲ್ಲಿ ಎರಡು ರಾತ್ರಿ, ಕಿಬ್ಬರ್‌ನಲ್ಲಿ ಎರಡು ರಾತ್ರಿ ಕಳೆಯಿರಿ. ಆಮೇಲೂ ತಲೆನೋವು, ವಾಕರಿಕೆ ಇದ್ದರೆ ಪಾಸ್ ಏರಬೇಡಿ. ಎತ್ತರಕ್ಕೆ ಒಗ್ಗಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ವೈದ್ಯರನ್ನು ಊರಲ್ಲೇ ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೆ ಹೇಳಿ.

ಪಾರೆ ಚು ಕಣಿವೆಯ ನೊರ್ಬು ಸುಮ್ದೋ ಬಳಿ ಹೊಳೆ ದಾಟುವುದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ನೀರು ಉಕ್ಕುತ್ತದೆ. ಬರಿಗಾಲು ಬೇಡ, ಪಟ್ಟಿಯಿರುವ ಸ್ಯಾಂಡಲ್ ಹಾಕಿ. ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಟ್ಟಿರಿ, ಬಿದ್ದರೆ ಅದನ್ನು ಕಳಚುವಷ್ಟು ಸಮಯವಿರುವುದಿಲ್ಲ.

ಇನ್ನು ಅಡುಗೆ. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವುದಿಲ್ಲ. ಅವಲಕ್ಕಿ, ಹುರಿದ ರವೆ, ಹುರಿಹಿಟ್ಟು ಸಾಕು. ಗ್ಯಾಸ್ ಕ್ಯಾನಿಸ್ಟರನ್ನು ವಿಮಾನದಲ್ಲಿ ಬಿಡುವುದಿಲ್ಲ. ಬರೀ ಬ್ಯೂಟೇನ್ ಇರುವುದು ಹಿಮ ಬೀಳುವ ಚಳಿಗೆ ಉರಿಯುವುದೂ ಇಲ್ಲ. ಪ್ರೊಪೇನ್ ಬೆರೆಸಿದ್ದನ್ನೇ ಕೇಳಿ ಕೊಳ್ಳಿ.

ಫೋನ್ ಸಿಗ್ನಲ್ ನೆಚ್ಚಬೇಡಿ. ಸ್ಯಾಟಲೈಟ್ ಫೋನನ್ನು ಅನುಮತಿಯಿಲ್ಲದೆ ಒಯ್ಯುವುದು ಭಾರತದಲ್ಲಿ ಅಪರಾಧ. ಕರ್ಜೋಕ್ ತಲುಪುವ ದಿನವನ್ನು ಮನೆಯವರಿಗೆ ಬರೆದುಕೊಡುವಾಗ ಎರಡು ದಿನ ಹೆಚ್ಚೇ ಹಾಕಿ.