ಕಪ್ಪು ಗೌನು, ಕೊರಳಿಗೊಂದು ರಿಬ್ಬನ್ನು

ಈ ಕಾಲೇಜಿನಲ್ಲಿ ಪದವಿ ಮುಗಿಸಿದ ಮೇಲೆ ನಾನು ಓದು ಮುಂದುವರಿಸಿದ್ದು ಆಕ್ಸ್‌ಫರ್ಡ್‌ನ ಸೇಂಟ್ ಹಿಲ್ಡಾಸ್ ಕಾಲೇಜಿನಲ್ಲಿ. ಡೊರೊಥಿಯಾ ಬೀಲ್ ಎಂಬ ಶಿಕ್ಷಕಿ 1893ರಲ್ಲಿ ಸ್ಥಾಪಿಸಿದ ಆ ಕಾಲೇಜು 2008ರವರೆಗೂ ಹೆಣ್ಣುಮಕ್ಕಳಿಗಷ್ಟೇ ಮೀಸಲಾಗಿತ್ತು. ನಾನಿದ್ದದ್ದು ಆ ಕಾಲದಲ್ಲಿ. ಅಲ್ಲಿನ ಹೊಸ ವಿದ್ಯಾರ್ಥಿನಿಯರ ಉಡುಪಿನ ಸಂಪ್ರದಾಯದ ಬಗ್ಗೆ ಬರೆಯಬೇಕೆಂದು ನಮ್ಮ ಕಾಲೇಜು ಪತ್ರಿಕೆಯ ಸಂಪಾದಕರು ಕೇಳಿದ್ದಾರೆ.

ಅಕ್ಟೋಬರಿನಲ್ಲಿ ಮೊದಲ ಟರ್ಮ್ ಆರಂಭವಾದ ಕೆಲವೇ ದಿನಗಳಲ್ಲಿ ಹೊಸಬರನ್ನು ವಿಶ್ವವಿದ್ಯಾಲಯಕ್ಕೆ ವಿಧ್ಯುಕ್ತವಾಗಿ ಸೇರಿಸಿಕೊಳ್ಳುವ ಮೆಟ್ರಿಕ್ಯುಲೇಷನ್ ನಡೆಯುತ್ತದೆ. ಅದಕ್ಕೆ ಸಬ್‌ಫಸ್ಕ್ ಎಂಬ ಉಡುಪು ಕಡ್ಡಾಯ. ನಮ್ಮ ಕಾಲದಲ್ಲಿ ಅದೆಂದರೆ ಕಪ್ಪು ಸ್ಕರ್ಟು, ಕಾಲರ್ ಇರುವ ಬಿಳಿ ಶರ್ಟು, ಕಪ್ಪು ಸ್ಟಾಕಿಂಗ್ಸ್, ಕಪ್ಪು ಬೂಟು, ಇವೆಲ್ಲದರ ಮೇಲೆ ಗೌನು. ಕತ್ತಿಗೆ ಟೈ ಬದಲು ಕಪ್ಪು ರಿಬ್ಬನ್ನು. ಕಷ್ಟಪಡಿಸುತ್ತಿದ್ದದ್ದು ಈ ರಿಬ್ಬನ್ನೇ. ಕಾಲರಿನ ಅಡಿಯಲ್ಲಿ ಸುತ್ತಿ ಮುಂದೆ ಕುಚ್ಚಿನಂತೆ ಗಂಟು ಹಾಕಬೇಕು. ಗಂಟು ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಡಿಲವಾದರೆ ಗಂಟಿನ ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ. ಹೀಗಾಗಿ ಅಂದು ಬೆಳಿಗ್ಗೆ ಹಾಸ್ಟೆಲಿನ ಓಣಿಯುದ್ದಕ್ಕೂ ಒಬ್ಬರ ಕೊರಳಿಗೆ ಇನ್ನೊಬ್ಬರು ರಿಬ್ಬನ್ನು ಕಟ್ಟುತ್ತ ನಿಂತಿದ್ದೆವು. ಆಮೇಲೆ ಮ್ಯಾಗ್ಡಲಿನ್ ಸೇತುವೆ ದಾಟಿ, ಹೈ ಸ್ಟ್ರೀಟಿನಲ್ಲಿ ಸಾಲಾಗಿ ನಡೆದು, ಕ್ರಿಸ್ಟೋಫರ್ ರೆನ್ ವಿನ್ಯಾಸಗೊಳಿಸಿದ ಶೆಲ್ಡೋನಿಯನ್ ಸಭಾಂಗಣ ತಲುಪಿದೆವು. ಲ್ಯಾಟಿನ್ನಿನಲ್ಲಿ ಕೆಲವು ವಾಕ್ಯಗಳಾದವು, ಸಮಾರಂಭ ಮುಗಿಯಿತು. ಫೋಟೊ ನೋಡಿದ ಅಮ್ಮ, "ಓದೋಕೆ ಹೋದವಳು ಅಷ್ಟರಲ್ಲೇ ವಕೀಲಿ ಶುರು ಮಾಡಿದೆಯೇನೇ?" ಎಂದು ಫೋನಿನಲ್ಲಿ ನಕ್ಕರು.

ಈ ಉಡುಪನ್ನು ಬರೀ ಶಿಸ್ತಿನ ಸಮವಸ್ತ್ರ ಎಂದು ನಾನು ಎಣಿಸದಿರಲು ಕಾರಣವಿದೆ. ಆಕ್ಸ್‌ಫರ್ಡ್‌ನಲ್ಲಿ ಮಹಿಳಾ ಕಾಲೇಜುಗಳು 1879ರಿಂದಲೇ ಇದ್ದರೂ, ಅಲ್ಲಿ ಓದಿದವರು 1920ರ ಅಕ್ಟೋಬರ್‌ವರೆಗೂ ವಿಶ್ವವಿದ್ಯಾಲಯದ ಸದಸ್ಯರಾಗಿರಲಿಲ್ಲ. ಪರೀಕ್ಷೆ ಬರೆಯಬಹುದಿತ್ತು, ತೇರ್ಗಡೆಯಾಗಬಹುದಿತ್ತು, ಆದರೆ ಪದವಿಯೂ ಇಲ್ಲ, ಗೌನೂ ಇಲ್ಲ. 1904ರಿಂದ 1907ರ ನಡುವೆ ಅವರಲ್ಲಿ ಹಲವರು ಹಡಗು ಹತ್ತಿ ಡಬ್ಲಿನ್‌ಗೆ ಹೋಗಿ ಅಲ್ಲಿನ ಟ್ರಿನಿಟಿ ಕಾಲೇಜಿನಿಂದ ಪದವಿ ಪಡೆದರು. ನಮ್ಮ ದೇಶದ ಕಾರ್ನೀಲಿಯಾ ಸೊರಾಬ್ಜಿ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿ 1892ರಲ್ಲಿ ಕಾನೂನು ಪರೀಕ್ಷೆ ಬರೆದರೂ, ಪದವಿ ಅವರ ಕೈಸೇರಿದ್ದು 1922ರಲ್ಲಿ, ಮೂವತ್ತು ವರ್ಷಗಳ ನಂತರ. ಮಹಿಳೆಯರನ್ನು ಸೇರಿಸಿಕೊಂಡಾಗಲೂ ಗಂಡಸರ ಗಟ್ಟಿ ಚೌಕ ಟೋಪಿಯ ಬದಲು ಅವರಿಗೆ ಮೆತ್ತನೆಯ ನಾಲ್ಕು ಮೂಲೆಯ ಟೋಪಿ ಗೊತ್ತುಮಾಡಿದರು. ನನ್ನ ಕಾಲದಲ್ಲೂ ಅದು ಬಳಕೆಯಲ್ಲಿತ್ತು. ಚೆಂದದ ಟೋಪಿಯೇನಲ್ಲ, ಆದರೂ ಗಟ್ಟಿ ಟೋಪಿಯನ್ನು ಪದವಿಗೆ ಮುಂಚೆ ತಲೆಗಿಟ್ಟರೆ ಅಪಶಕುನವೆಂದು ಅದನ್ನು ಕೈಯಲ್ಲೇ ಹಿಡಿದು ಓಡಾಡುತ್ತಿದ್ದ ಇತರ ಕಾಲೇಜುಗಳ ಹುಡುಗರ ಪಾಡಿಗಿಂತ ವಾಸಿ.

ನನಗೆ ಒಪ್ಪಿಗೆಯಾಗದಿದ್ದದ್ದು ಗೌನುಗಳ ಅಂತಸ್ತು. ಪದವಿ ತರಗತಿಗಳ ಬಹುತೇಕರದು ಭುಜದಿಂದ ಎರಡು ಪಟ್ಟಿ ಜೋತುಬಿದ್ದ ಗಿಡ್ಡ ಗೌನು. ಮೊದಲ ಹಂತದ ಪರೀಕ್ಷೆಯಲ್ಲಿ ಉನ್ನತ ದರ್ಜೆ ಪಡೆದು ವಿದ್ಯಾರ್ಥಿವೇತನ ಗಳಿಸಿದವರಿಗೆ ತೋಳಿರುವ ಉದ್ದನೆಯ ಗೌನು. ಪರೀಕ್ಷೆಗಳಿಗೂ ಇದೇ ಉಡುಪಿನಲ್ಲಿ ಹೋಗಬೇಕಾದ್ದರಿಂದ, ಮುಂದಿನ ಸಾಲಿನಲ್ಲಿ ಕುಳಿತವಳ ಹಳೆಯ ಅಂಕಗಳು ಅವಳ ಬೆನ್ನ ಮೇಲೆಯೇ ಕಾಣುತ್ತಿದ್ದವು.

2012ರಲ್ಲಿ ನಿಯಮ ತಿದ್ದಿ, ರಿಬ್ಬನ್ನು, ಟೈ, ಸ್ಕರ್ಟು, ಪ್ಯಾಂಟು ಯಾವುದನ್ನು ಯಾರು ಬೇಕಾದರೂ ತೊಡಬಹುದೆಂದರು. 2015ರಲ್ಲಿ ಸಬ್‌ಫಸ್ಕ್ ಬೇಕೆ ಬೇಡವೆ ಎಂದು ವಿದ್ಯಾರ್ಥಿಗಳೇ ಮತ ಹಾಕಿದಾಗ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಬೇಕೆಂದರು. ನನಗೆ ಮತವಿದ್ದಿದ್ದರೆ ಉಡುಪು ಇರಲಿ, ಎಲ್ಲರ ಗೌನೂ ಒಂದೇ ಅಳತೆಯದಾಗಲಿ ಎನ್ನುತ್ತಿದ್ದೆ.