ಮೂರನೆಯ ಮೊನೊಲಿತ್: ಬತ್ತಾಸಿನಂತೆ ಕರಗುವ ಪದರ ಕಡೆಗೂ ಹಲಗೆಯ ಮೇಲೆ ನಿಂತಿತು

ಕಳೆದ ಶನಿವಾರ ಸಂಜೆ ಮೂರನೆಯ ಮೊನೊಲಿತ್ತನ್ನು, ಅಂದರೆ ಪದರಗಳು ನೆಲದಲ್ಲಿದ್ದಂತೆಯೇ ಕಾಣುವಂತೆ ಕತ್ತರಿಸಿ ತಂದು, ಅಂಟು ಕುಡಿಸಿ ಹಲಗೆಯ ಮೇಲೆ ನಿಲ್ಲಿಸುವ ಮಣ್ಣಿನ ಹೋಳನ್ನು, ಗ್ಯಾರೇಜಿನ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಹತ್ತು ನಿಮಿಷ ಕಾದರೂ ಅದರಿಂದ ಒಂದು ಚೂರೂ ಉದುರಲಿಲ್ಲ. ಮೊದಲನೆಯದು ಗುಂಡಿಯಲ್ಲಿಯೇ ಒಡೆದುಹೋಗಿತ್ತು. ಎರಡನೆಯದು ನನ್ನ ಕಣ್ಣೆದುರಿಗೇ, ನಾನೇ ಸುರಿದ ಅಂಟಿನಲ್ಲಿ ಕೆಸರಾಗಿ ಹರಿದು ನೆಲಕ್ಕಿಳಿದಿತ್ತು. ಗುಂಡಿ ತೋಡುವುದು, ಮುಖವನ್ನು ಸಮ ಮಾಡುವುದು, ಚೌಕಟ್ಟನ್ನು ಒತ್ತಿ ಹಿಂಬದಿಯಿಂದ ಕತ್ತರಿಸುವುದು ಮುಂತಾದ ಮಾಮೂಲಿ ಹಂತಗಳನ್ನು ಈ ಹವ್ಯಾಸದವರಿಗೆ ವಿವರಿಸುವ ಅಗತ್ಯವಿಲ್ಲ. ಈ ಬಾರಿ ಬರೆಯಬೇಕಾದದ್ದು 58 ಸೆಂಟಿಮೀಟರ್ ಆಳದಲ್ಲಿ ಶುರುವಾಗುವ ಒಂದೇ ಒಂದು ಪದರದ ಬಗ್ಗೆ: ಫ್ರಾಜಿಪ್ಯಾನ್ ಎಂಬ, ಬೇರನ್ನೂ ನೀರನ್ನೂ ತಡೆಯುವ ಗಟ್ಟಿ ಒಳಪದರ.

ಗುಂಡಿ ಇರುವುದು ಮೆಂಫಿಸ್ ನಗರದಿಂದ ಪೂರ್ವಕ್ಕೆ, ಟೆನೆಸ್ಸಿಯ ಫೆಯೆಟ್ ಕೌಂಟಿಯಲ್ಲಿ, ಪರಿಚಿತರೊಬ್ಬರ ಹುಲ್ಲುಗಾವಲಿನ ಇಳಿಜಾರಿನಲ್ಲಿ. ಅಲ್ಲಿಯ ದಿಣ್ಣೆಗಳ ಮೇಲಿನ ಮಣ್ಣು ಗಾಳಿ ಹೊತ್ತು ತಂದದ್ದು. ಹಿಮಯುಗದ ಕೊನೆಯ ಘಟ್ಟದಲ್ಲಿ ಹಿಮನದಿಗಳು ಕರಗಿ ಹರಿದ ನೀರು ಮಿಸಿಸಿಪ್ಪಿ ಕಣಿವೆಯಲ್ಲಿ ಹರವಿದ್ದ ನುಣುಪಾದ ರೇವೆಯನ್ನು ಗಾಳಿ ಎತ್ತಿ ಪೂರ್ವದ ಎತ್ತರಗಳಿಗೆ ಹೊದಿಸಿತು. ಆ ಹೊದಿಕೆಯೇ ಲೋಯೆಸ್. ಎಲ್ಲಕ್ಕಿಂತ ಮೇಲಿರುವ ಪಿಯೋರಿಯಾ ಲೋಯೆಸ್ ಬಂದು ಕೂತದ್ದು ಸ್ಥೂಲವಾಗಿ 25,000 ಮತ್ತು 12,000 ವರ್ಷಗಳ ಹಿಂದಿನ ನಡುವಿನ ಅವಧಿಯಲ್ಲಿ. ನದಿಗೆ ಹತ್ತಿರದ ಕಡಿದಾದ ದಂಡೆಗಳ ಮೇಲೆ ಅದು ದಪ್ಪವಾಗಿದ್ದು, ಪೂರ್ವಕ್ಕೆ ಹೋದಂತೆ ತೆಳುವಾಗುತ್ತದೆ. ನೀರು ಸಲೀಸಾಗಿ ಇಳಿದುಹೋಗುವ ಕಡೆ ಮೆಂಫಿಸ್ ಸರಣಿಯ (ಒಂದೇ ಬಗೆಯ ಪದರಗಳಿರುವ ಮಣ್ಣುಗಳ ಗುಂಪಿಗೆ ಸರಣಿ ಎನ್ನುತ್ತಾರೆ) ಮಣ್ಣಿದೆ, ಅದಕ್ಕೆ ಫ್ರಾಜಿಪ್ಯಾನ್ ಇಲ್ಲ. ಬಸಿಯುವಿಕೆ ಕುಂದುತ್ತ ಹೋದಂತೆ ಲೋರಿಂಗ್, ಗ್ರೆನಾಡಾ, ಕ್ಯಾಲೊವೇ, ಹೆನ್ರಿ ಎಂಬ ಸರಣಿಗಳು ಬರುತ್ತವೆ, ಈ ನಾಲ್ಕಕ್ಕೂ ಫ್ರಾಜಿಪ್ಯಾನ್ ಇದೆ. ಗದಗಿನಿಂದ ವಿಡಿಯೋ ಕರೆ ಮಾಡಿದ್ದ ಅವ್ವ ಗುಂಡಿಯೊಳಗೆ ನಿಂತಿದ್ದ ನನ್ನನ್ನು ನೋಡಿ, "ಅಷ್ಟು ದೂರ ಹೋಗಿ ಮಣ್ಣ ಅಗ್ಯಾಕತ್ತೀಯೇನಪ್ಪಾ?" ಎಂದು ಕೇಳಿದಳು. ಹಾರೆ ಕೈಯಲ್ಲಿದ್ದಾಗ ಇದಕ್ಕೆ ಉತ್ತರ ಹೇಳುವುದು ಕಷ್ಟ.

ಫ್ರಾಜಿಪ್ಯಾನಿನ ವಿಚಿತ್ರ ಇರುವುದು ಅದರ ಮೂರು ಸ್ವಭಾವಗಳಲ್ಲಿ. ಒಣಗಿದಾಗ ಅದು ಹಾರೆಯನ್ನು ಠಣ್ಣೆಂದು ಹಿಂದಕ್ಕೆ ಕಳಿಸುತ್ತದೆ. ಹದವಾದ ತೇವವಿದ್ದಾಗ ಹೆಂಟೆಯೊಂದನ್ನು ಬೆರಳುಗಳ ನಡುವೆ ಮೆಲ್ಲನೆ ಅದುಮಿದರೆ ಅದು ಮಿದ್ದ ಹಿಟ್ಟಿನಂತೆ ಚಪ್ಪಟೆಯಾಗದೆ, ಹಸಿಯಾಗಿದ್ದರೂ ಚಕ್ಕುಲಿಯಂತೆ ಟಪ್ಪನೆ ಮುರಿಯುತ್ತದೆ. ಒಣ ಹೆಂಟೆಯನ್ನು ನೀರಿಗೆ ಹಾಕಿದರೆ ಮಾತ್ರ ಜಾತ್ರೆಯ ಬತ್ತಾಸಿನಂತೆ ಗುಳ್ಳೆಯೆಬ್ಬಿಸುತ್ತ ಕುಸಿದು ಕರಗುತ್ತದೆ. ಹೆಸರಿನಲ್ಲಿರುವ 'ಫ್ರಾಜಿ' ಬಂದದ್ದು ಸುಲಭವಾಗಿ ಒಡೆಯುವಂಥದ್ದು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಅಮೆರಿಕದ ಮಣ್ಣು ವರ್ಗೀಕರಣದ ಕೀಲಿ ಪುಸ್ತಕ ಈ ಸ್ವಭಾವಗಳನ್ನೇ ಲಕ್ಷಣಗಳನ್ನಾಗಿ ಬಳಸುತ್ತದೆ: ಪದರ ಕನಿಷ್ಠ 15 ಸೆಂಟಿಮೀಟರ್ ದಪ್ಪವಿರಬೇಕು, ಬೇರು ಇಳಿಯಬಲ್ಲ ಸಂದುಗಳ ನಡುವಿನ ಸರಾಸರಿ ಅಂತರ 10 ಸೆಂಟಿಮೀಟರಿಗೆ ಕಡಿಮೆಯಿರಬಾರದು, ಶೇ. 60ರಷ್ಟು ಗಾತ್ರವಾದರೂ ಗಟ್ಟಿಯಾಗಿ, ಪೆಡಸಾಗಿ, ಬೇರಿಲ್ಲದೆ ಇರಬೇಕು. ತೆಳು ಆಮ್ಲಕ್ಕೆ ನೊರೆ ಬರಬಾರದು. ಗಾಳಿಗೆ ಒಣಗಿಸಿದ 5ರಿಂದ 10 ಸೆಂಟಿಮೀಟರಿನ ತುಂಡುಗಳನ್ನು ನೀರಿನಲ್ಲಿ ಮುಳುಗಿಸಿದರೆ ಪದರದ ಅರ್ಧಕ್ಕಿಂತ ಹೆಚ್ಚು ಭಾಗದವು ಕರಗಿ ಕುಸಿಯಬೇಕು. ಈ ಕೊನೆಯ ಲಕ್ಷಣವನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಮೊದಲನೆಯ ಸೋಲನ್ನು ಬೇಗ ಹೇಳಿ ಮುಗಿಸುತ್ತೇನೆ. ಆಗಸ್ಟಿನ ಬಿಸಿಲಿನಲ್ಲಿ ಒಣಗಿದ್ದ ಪದರಕ್ಕೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದೆ. ಪೆಟ್ಟು ಉಳಿಯ ಬಾಯಿಯಲ್ಲಿ ನಿಲ್ಲದೆ ಇಡೀ ಪದರದೊಳಗೆ ಹಾಯ್ದು, ತಲೆಯಷ್ಟು ದೊಡ್ಡ ತುಂಡುಗಳು ಕಳಚಿ ಬಿದ್ದವು. ಮಳೆಗಾಲವಿಲ್ಲದ ಊರಿನಲ್ಲಿ ಮಳೆಗೆ ಕಾಯುವುದನ್ನು ಕಲಿತದ್ದು ಆಗ. ಇಲ್ಲಿ ನೆಲ ನೆನೆಯುವುದು ಚಳಿಗಾಲದಲ್ಲಿ. ಮಾರ್ಚಿನಲ್ಲಿ ಗುಂಡಿಗಿಳಿದರೆ ಪದರದ ನೆತ್ತಿಯ ಮೇಲೆ ನೀರು ತಂಗಿ, ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿ ಜಿನುಗುತ್ತಿತ್ತು.

ಆಗಲೇ ಇನ್ನೊಂದು ವಿಷಯ ತಿಳಿಯಿತು. ಪದರದ ನೆತ್ತಿಯನ್ನು ಕರಣೆಯಿಂದ ಅಡ್ಡಲಾಗಿ ಹೆರೆದು ಸಮ ಮಾಡಿದಾಗ, ಬತ್ತಿದ ಕೆರೆಯ ತಳದ ಬಿರುಕುಗಳಂತೆ ಬೂದು ಗೆರೆಗಳ ಬಹುಭುಜಗಳು ಕಾಣಿಸಿದವು. ಗೆರೆಗಳ ನಡುವಿನ ಕಂದು ಕಂಬಗಳ ಅಗಲ 15ರಿಂದ 25 ಸೆಂಟಿಮೀಟರ್. ಇದ್ದಬದ್ದ ಬೇರುಗಳೆಲ್ಲ ಚಪ್ಪಟೆಯಾಗಿ ಆ ಬೂದು ಸಂದುಗಳಲ್ಲಿಯೇ ಇಳಿದಿದ್ದವು. ನಾವೆಲ್ಲ ಸಾಮಾನ್ಯವಾಗಿ ಬಳಸುವ 15 ಸೆಂಟಿಮೀಟರ್ ಅಗಲದ ಹಲಗೆಯಲ್ಲಿ ಒಂದು ಕಂಬವೂ ಪೂರ್ತಿಯಾಗಿ ಹಿಡಿಸುವುದಿಲ್ಲ. ಸಂದು ತಪ್ಪಿದರೆ ನೋಡುವವರಿಗೆ ಅದು ಬರೀ ಕಂದು ಮಣ್ಣಿನ ಪಟ್ಟಿ. ಆದ್ದರಿಂದ 30 ಸೆಂಟಿಮೀಟರ್ ಅಗಲ, 120 ಉದ್ದ, 8 ದಪ್ಪ ಎಂದು ಹೊಸ ಚೌಕಟ್ಟು ಮಾಡಿದೆ. ಘನ ಸೆಂಟಿಮೀಟರಿಗೆ ಒಂದೂವರೆ ಗ್ರಾಮಿನಂತೆ ಲೆಕ್ಕ ಹಾಕಿದರೂ ಮಣ್ಣೇ 43 ಕಿಲೋ ಆಗುತ್ತದೆ. ಎತ್ತಲು ಬಂದ ಗೆಳೆಯ ಆಮೇಲೆ ಎರಡು ವಾರ ನನ್ನ ಫೋನ್ ಎತ್ತಲಿಲ್ಲ.

ಸುತ್ತಿಗೆಯನ್ನು ಬಿಟ್ಟು ಹಳೆಯ ಕೈಗರಗಸದಿಂದ ಕೊಯ್ದು ತಂದ ಆ ಎರಡನೆಯ ಮೊನೊಲಿತ್ತನ್ನು ಆರು ವಾರ ನೆರಳಿನಲ್ಲಿ ಒಣಗಿಸಿದೆ. ಬಳಿಕ ಎಂದಿನಂತೆ, ಫೆವಿಕಾಲ್ ಜಾತಿಯ ಬಿಳಿ ಅಂಟನ್ನು ಸಮ ಪ್ರಮಾಣದ ನೀರಿನಲ್ಲಿ ಕಲಸಿ, ಮೇಲಿನಿಂದ ಕೆಳಕ್ಕೆ ಹನಿಸುತ್ತ ಬಂದೆ. ಮೇಲ್ಮಣ್ಣು ಕುಡಿಯಿತು, ಅದರ ಕೆಳಗಿನ ಕಂದು ಪದರವೂ ಕುಡಿಯಿತು. ಅಂಟು ಫ್ರಾಜಿಪ್ಯಾನಿಗೆ ತಾಗಿದ ಕೂಡಲೇ ಚುರ್ ಎಂಬ ಸಣ್ಣ ಸದ್ದು ಬಂದು, ಗುಳ್ಳೆಗಳೆದ್ದು, ಕಂಬದ ಮುಖ ಪದರಪದರವಾಗಿ ಕಳಚಿ ಜಾರತೊಡಗಿತು. ಅಂಗೈಯಿಂದ ಒತ್ತಿ ಹಿಡಿದೆ. ಬೆರಳಿನ ಸಂದಿನಿಂದ ಅದು ಪಾಯಸದಂತೆ ಇಳಿಯಿತು.

ನನಗೆ ಇಂದಿಗೂ ನಾಚಿಕೆಯಾಗುವುದು ಆ ಹೊತ್ತಿಗೆ ಅದೇ ಮೇಜಿನ ಮೇಲೆ, ಒಂದು ಮೊಳ ದೂರದಲ್ಲಿದ್ದ ಗಾಜಿನ ಜಾಡಿಯನ್ನು ನೆನೆದಾಗ. ಹಿಂದಿನ ದಿನ ಅದೇ ಪದರದ ಒಣ ತುಂಡೊಂದನ್ನು ಜಾಡಿಯ ನೀರಿಗೆ ಹಾಕಿ, ಅದು ಕೆಲವೇ ನಿಮಿಷಗಳಲ್ಲಿ ಕುಸಿದು ತಳ ಸೇರಿದ್ದನ್ನು ನೋಡಿ, ಫ್ರಾಜಿಪ್ಯಾನ್ ಎಂದು ಖಾತ್ರಿಯಾಯಿತೆಂದು ಸಂಭ್ರಮಿಸಿ, ಟಿಪ್ಪಣಿ ಪುಸ್ತಕದಲ್ಲಿ ದೊಡ್ಡದೊಂದು ಸರಿ ಗುರುತು ಹಾಕಿದ್ದೆ. ಮರುದಿನ ಅದೇ ಪದರದ ಮೇಲೆ ಅರ್ಧ ಭಾಗ ನೀರಿದ್ದ ಅಂಟನ್ನು ಸುರಿದೆ. ಮಣ್ಣು ತನ್ನ ಗುರುತನ್ನು ಯಾವ ಗುಣದಿಂದ ಹೇಳಿತ್ತೋ ಅದೇ ಗುಣದಿಂದ ನನ್ನ ಕೆಲಸವನ್ನೂ ಕೆಡಿಸಿತು.

ಕಾರಣವನ್ನು ಬಿಡಿಸಿ ನೋಡಿದರೆ ಹೀಗಿದೆ. ಸುಣ್ಣವೋ ಸಿಮೆಂಟೋ ಬೆಸೆದ ಪದರವಾಗಿದ್ದರೆ ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ಫ್ರಾಜಿಪ್ಯಾನಿನ ಗಟ್ಟಿತನ ಬಹುಮಟ್ಟಿಗೆ ಸಿಲ್ಟ್ (ರೇವೆ) ಕಣಗಳು ಒತ್ತೊತ್ತಾಗಿ ಕೂತದ್ದರಿಂದ, ಅವುಗಳ ನಡುವೆ ಜೇಡಿಯ ಸಣ್ಣ ಸೇತುವೆಗಳಿರುವುದರಿಂದ ಬಂದದ್ದು. ಸಿಲಿಕಾ ಬೆಸುಗೆಯ ಪಾಲೆಷ್ಟು ಎಂಬ ವಾದ ಮಣ್ಣು ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಒಣಗಿದ ತುಂಡಿನ ಸೂಕ್ಷ್ಮ ರಂಧ್ರಗಳಿಗೆ ನೀರು ಎಲ್ಲ ಕಡೆಯಿಂದಲೂ ಒಮ್ಮೆಲೇ ನುಗ್ಗಿದಾಗ ಒಳಗಿನ ಗಾಳಿಗೆ ಹೊರಬರಲು ದಾರಿಯಿಲ್ಲದೆ, ಅದು ಅದುಮಿಕೊಂಡು ಕಡೆಗೆ ತುಂಡನ್ನೇ ಒಡೆದು ಬರುತ್ತದೆ. ಮೇಲಿನ ಪದರಗಳಲ್ಲಿ ಬೇರು, ಸಾವಯವ ಅಂಶ, ಎರೆಹುಳದ ದಾರಿಗಳಿರುವುದರಿಂದ ಅವು ತಡೆದುಕೊಂಡವು. ಎಂದರೆ ನನಗೆ ಬೇಕಾಗಿದ್ದದ್ದು ನೀರಿಲ್ಲದ ಅಂಟು.

ಅಡ್ಡದಾರಿಯೊಂದನ್ನು ಮೊದಲು ಪ್ರಯತ್ನಿಸಿದೆ. ನೀರಿಗಿಂತ ಮೇಲ್ಮೈ ಸೆಳೆತ ಕಡಿಮೆಯಿರುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೊದಲು ಸಿಂಪಡಿಸಿದರೆ ತುಂಡು ಒಡೆಯದೆ ನೆನೆಯುತ್ತದೆ ಎಂಬುದು ನಿಜ, ಜಾಡಿಯಲ್ಲಿ ನೋಡಿಯೂ ಆಯಿತು. ಆದರೆ ಅತಿಬುದ್ಧಿಯಿಂದ ಬಿಳಿ ಅಂಟನ್ನೇ ಆ ಆಲ್ಕೋಹಾಲಿನಲ್ಲಿ ತೆಳುಮಾಡಲು ಹೋದೆ. ನಿಂಬೆರಸ ಬಿದ್ದ ಹಾಲಿನಂತೆ ಅಂಟು ಒಡೆದು ಗಟ್ಟಿಯಾಗಿ, ಬಕೀಟು, ಕೋಲು, ಒಂದು ಒಳ್ಳೆಯ ಕುಂಚ ಮೂರೂ ಕಸದ ಡಬ್ಬಿ ಸೇರಿದವು.

ಪಳೆಯುಳಿಕೆ ಸಂರಕ್ಷಿಸುವವರು ಬಳಸುವಂತೆ ಪಾಲಿವಿನೈಲ್ ಅಸಿಟೇಟ್ ಹರಳುಗಳನ್ನು ಅಸಿಟೋನಿನಲ್ಲಿ ಕರಗಿಸುವುದೊಂದೇ ಉಳಿದ ದಾರಿಯಾಗಿತ್ತು. ಹರಳುಗಳನ್ನು ತರಿಸಿದೆ. ಒಂದು ರಾತ್ರಿಯಿಡೀ ಅಸಿಟೋನಿನಲ್ಲಿ ನೆನೆಹಾಕಿದರೂ ಅವು ತಳದಲ್ಲಿ ಸಬ್ಬಕ್ಕಿಯಂತೆ ಕೂತೇ ಇದ್ದವು. ಚೀಟಿಯನ್ನು ಮತ್ತೆ ಓದಿದಾಗ ತಿಳಿಯಿತು: ಪೂರೈಕೆದಾರರು ಕಳಿಸಿದ್ದು ಪಾಲಿವಿನೈಲ್ ಆಲ್ಕೋಹಾಲ್. ಎರಡಕ್ಕೂ ಪಿವಿಎ ಎಂದೇ ಸಂಕ್ಷೇಪ. ಒಂದು ಅಸಿಟೋನಿನಲ್ಲಿ ಕರಗುತ್ತದೆ, ಇನ್ನೊಂದು ನೀರಿನಲ್ಲಿ. ಅಂದರೆ ಈ ಭೂಮಿಯ ಮೇಲೆ ನನಗೆ ಅತ್ಯಂತ ಬೇಡವಾಗಿದ್ದ ದ್ರಾವಕದಲ್ಲಿ. ಪತ್ರ ಬರೆದರೆ, "ಪಿವಿಎ ಕೇಳಿದ್ದೀರಿ, ಪಿವಿಎ ಕಳಿಸಿದ್ದೇವೆ" ಎಂಬ ಉತ್ತರ ಬಂತು. ಮರಳಿಸುವ ಅಂಚೆ ವೆಚ್ಚವೂ ನನ್ನದೇ. ತರಿಸುವವರು ಸಂಕ್ಷೇಪವನ್ನು ನಂಬದೆ ಪೂರ್ತಿ ಹೆಸರನ್ನೇ ಬರೆಯಿರಿ.

ಬೇರೆ ಕಡೆಯಿಂದ ಸರಿಯಾದ ಹರಳು ಬರುವ ಹೊತ್ತಿಗೆ, ಅದೇ ಗುಂಡಿಯ ಪಕ್ಕದ ಮುಖದಿಂದ ಏಪ್ರಿಲಿನಲ್ಲಿ ಕೊಯ್ದಿದ್ದ ಮೂರನೆಯ ಮೊನೊಲಿತ್ ಪೂರ್ತಿ ಒಣಗಿತ್ತು. ಮೊದಲು ಶೇ. 5ರ ದ್ರಾವಣವನ್ನು ಎರಡು ಸಲ, ಒಂದು ದಿನದ ಅಂತರ ಬಿಟ್ಟು ಶೇ. 10ರದನ್ನು ಒಂದು ಸಲ ಹನಿಸಿದೆ. ಗುಳ್ಳೆಯಿಲ್ಲ, ಸದ್ದಿಲ್ಲ, ಜಾರುವಿಕೆಯಿಲ್ಲ. ಕೆಳತುದಿಯಲ್ಲಿ ತೇವ ಉಳಿದಿದ್ದ ಒಂದು ಮೂಲೆಯಲ್ಲಿ ಮಾತ್ರ ಬೂಷ್ಟು ಹಿಡಿದಂತೆ ಬಿಳಿ ಮಸುಕು ಮೂಡಿದೆ. ಅದನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ ಸರಿಪಡಿಸಬಹುದು. ಗ್ಯಾರೇಜಿನ ಮೂಲೆಯಲ್ಲಿ ಉರಿಯುವ ಗ್ಯಾಸ್ ಗೀಸರ್ ಇರುವುದರಿಂದ ಈ ಕೆಲಸವನ್ನು ಪೂರ್ತಿ ಅಂಗಳದಲ್ಲಿಯೇ ಮಾಡಿದೆ. ಮುಖವನ್ನು ಚಾಕುವಿನ ತುದಿಯಿಂದ ಕೆದಕಿ ಸಹಜ ಒಡಕುಗಳನ್ನು ಬಿಡಿಸಿದಾಗ ಕಂದು ಕಂಬ, ಬೂದು ಸಂದು, ಸಂದಿನಂಚಿನ ತುಕ್ಕು ಬಣ್ಣದ ಗೆರೆ, ಮ್ಯಾಂಗನೀಸಿನ ಸಾಸಿವೆಯಂಥ ಕಪ್ಪು ಗುಂಡುಗಳು ಎಲ್ಲವೂ ಸ್ಪಷ್ಟವಾಗಿ ಎದ್ದವು.

ಇನ್ನು ಹೆಸರಿನ ತಗಾದೆ. ನಕ್ಷೆಯಲ್ಲಿ ಆ ಇಳಿಜಾರು ಲೋರಿಂಗ್ ಎಂದಿದೆ. ಆದರೆ ಲೋರಿಂಗಿನಲ್ಲಿ ಜೇಡಿ ಶೇಖರವಾದ ಕಂದು ಪದರದಿಂದ ನೇರವಾಗಿ ಫ್ರಾಜಿಪ್ಯಾನಿಗೆ ಇಳಿಯುತ್ತೇವೆ. ನನ್ನ ಹಲಗೆಯಲ್ಲಿ ಇವೆರಡರ ನಡುವೆ ಒಂದು ಗೇಣಿಗೂ ಕಡಿಮೆಯ, ಜೇಡಿ ತೊಳೆದುಹೋದ ಮಸುಕು ಪದರವಿದ್ದು, ಅದು ನಾಲಗೆಗಳಂತೆ ಕೆಳಗಿನ ಕಂಬಗಳ ನಡುವೆ ಚಾಚಿಕೊಂಡಿದೆ. ಇಂಥ ನಾಲಗೆಯ ಪದರಕ್ಕೆ ಗ್ಲಾಸಿಕ್ ಎಂದು ಹೆಸರು; ಕೀಲಿಯ ಪ್ರಕಾರ ಹಾಗೆನ್ನಬೇಕಾದರೆ ದಪ್ಪ 5 ಸೆಂಟಿಮೀಟರಾದರೂ ಇದ್ದು, ತೊಳೆದ ಮಣ್ಣಿನ ಪಾಲು ಶೇ. 15ರಿಂದ 85ರೊಳಗೆ ಇರಬೇಕು. ಪಾರದರ್ಶಕ ಹಾಳೆಯ ಮೇಲೆ ನೂರು ಚೌಕಗಳನ್ನು ಗೀಚಿ, ಆ ಪದರದ ಮೇಲಿಟ್ಟು ಎಣಿಸಿದೆ: 27 ಚೌಕಗಳಲ್ಲಿ ಬೂದು. ಹಾಗಾದರೆ ಇದು ಲೋರಿಂಗ್ ಅಲ್ಲ, ಅಂಥ ಪದರವಿರುವ ಗ್ರೆನಾಡಾ. ನಕ್ಷೆಯನ್ನು ದೂರುವಂತಿಲ್ಲ; ಒಂದು ಸರಣಿಯ ಹೆಸರಿನ ತುಣುಕಿನೊಳಗೆ ನೆರೆಯ ಸರಣಿಯ ಮಣ್ಣು ಇರುವುದು ಸಹಜ.

ಗ್ರೆನಾಡಾದ ಪೂರ್ಣ ನಾಮಧೇಯ ಫೈನ್-ಸಿಲ್ಟಿ, ಮಿಕ್ಸೆಡ್, ಆ್ಯಕ್ಟಿವ್, ಥರ್ಮಿಕ್ ಆಕ್ಸಿಯಾಕ್ವಿಕ್ ಫ್ರಾಗ್ಲಾಸುಡಾಲ್ಫ್. ಕೊನೆಯ ಪದವನ್ನು ಸಮಾಸ ಬಿಡಿಸಿದಂತೆ ಹಿಂದಿನಿಂದ ಬಿಡಿಸಬೇಕು: 'ಆಲ್ಫ್' ಎಂದರೆ ಆಲ್ಫಿಸಾಲ್ (ಕೆಳಪದರದಲ್ಲಿ ಜೇಡಿ ಶೇಖರವಾಗಿ, ಪ್ರತ್ಯಾಮ್ಲಗಳು ಇನ್ನೂ ಉಳಿದಿರುವ ಮಣ್ಣಿನ ವರ್ಗ), 'ಉಡ್' ಎಂದರೆ ತೇವದ ಹವೆ, 'ಗ್ಲಾಸ್' ಎಂದರೆ ನಾಲಗೆ, 'ಫ್ರಾ' ನಮ್ಮ ಶತ್ರು. ಆಕ್ಸಿಯಾಕ್ವಿಕ್ ಎಂಬ ವಿಶೇಷಣ ಸಾಮಾನ್ಯ ವರ್ಷಗಳಲ್ಲಿ ಮೊದಲ ಒಂದು ಮೀಟರಿನೊಳಗೆ ಸತತ 20 ದಿನ ಅಥವಾ ಒಟ್ಟು 30 ದಿನ ನೀರು ತುಂಬಿ ನಿಲ್ಲುವುದನ್ನು ಹೇಳುತ್ತದೆ. ಮಾರ್ಚಿನಲ್ಲಿ ನನ್ನ ಬೂಟಿಗೆ ಇಳಿದದ್ದು ಅದೇ ನೀರು. ಹಿಂದೆ ಇದೇ ಮಣ್ಣನ್ನು ಗ್ಲಾಸಿಕ್ ಫ್ರಾಜಿಯುಡಾಲ್ಫ್ ಎನ್ನುತ್ತಿದ್ದರು. ವಿಶೇಷಣವಾಗಿದ್ದ ನಾಲಗೆ ಈಗ ಹೆಸರಿನೊಳಗೇ ಸೇರಿಕೊಂಡಿದೆ.

ಮುಂದಿನ ಹಲಗೆ ಡಿಕ್ಸನ್ ಸರಣಿಗೆ ಮೀಸಲು. ಟೆನೆಸ್ಸಿಯ ಪ್ರಾತಿನಿಧಿಕ ಮಣ್ಣೆಂದು ಹೆಸರಾದ ಅದಕ್ಕೂ ಫ್ರಾಜಿಪ್ಯಾನ್ ಇದೆ, ಆದರೆ ತೆಳು ಲೋಯೆಸ್ಸಿನ ಕೆಳಗೆ ಸುಣ್ಣಕಲ್ಲು ಶಿಥಿಲಗೊಂಡು ಉಳಿದ ಮಣ್ಣಿದ್ದು, ಅದು ಪ್ರತ್ಯಾಮ್ಲಗಳು ಹೆಚ್ಚು ತೊಳೆದುಹೋದ ಅಲ್ಟಿಸಾಲ್ ವರ್ಗಕ್ಕೆ ಸೇರುತ್ತದೆ. ಅದಾದ ಮೇಲೆ ಗದಗಿನ ಎರೆ. ಭಾರತದ ಮಣ್ಣನ್ನು ಪರವಾನಗಿಯಿಲ್ಲದೆ ಇಲ್ಲಿಗೆ ತರುವಂತಿಲ್ಲವಾದ್ದರಿಂದ ಆ ಮೊನೊಲಿತ್ ಅವ್ವನ ಪಡಸಾಲೆಯಲ್ಲಿಯೇ ತಯಾರಾಗಿ ಅಲ್ಲಿಯೇ ನಿಲ್ಲಬೇಕು, ಅವಳಿಗಿದು ಇನ್ನೂ ಗೊತ್ತಿಲ್ಲ. ಎರೆಯ ತೊಂದರೆಯೇ ಬೇರೆ: ಅದು ಒಣಗುವಾಗ ಕುಗ್ಗಿ ಚೌಕಟ್ಟನ್ನೇ ಬಿಟ್ಟು ದೂರ ಸರಿಯುತ್ತದೆ. ಈ ನಡುವೆ, ಕೆಂಟಕಿ ವಿಶ್ವವಿದ್ಯಾಲಯದವರು ವಾರ್ಷಿಕ ರೈಹುಲ್ಲು ಬೆಳೆದ ಕಡೆ ಫ್ರಾಜಿಪ್ಯಾನ್ ನಿಧಾನವಾಗಿ ಸಡಿಲವಾಗುವುದನ್ನು ಕಂಡಿರುವುದರಿಂದ, ಎರಡನೆಯ ಮೊನೊಲಿತ್ತಿನ ಅವಶೇಷಗಳನ್ನು ಕುಂಡಗಳಲ್ಲಿಟ್ಟು ಮೇಲೆ ರೈಹುಲ್ಲು ಬಿತ್ತುವ ಯೋಚನೆಯೂ ಇದೆ.

ಮೂರನೆಯದರ ಹೆಸರಿನ ಚೀಟಿ ಮಾತ್ರ ಇನ್ನೂ ಪೆನ್ಸಿಲ್ಲಿನಲ್ಲಿದೆ. ಆಲ್ಫಿಸಾಲ್ ಎನ್ನಲು ಆಳದಲ್ಲಿ ಪ್ರತ್ಯಾಮ್ಲಗಳ ಪೂರಣ (ಮಣ್ಣಿನ ಕಣಗಳು ಹಿಡಿದಿಟ್ಟದ್ದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥವುಗಳ ಪಾಲು) ಶೇ. 35ಕ್ಕೆ ಕಡಿಮೆಯಿರಬಾರದು, ಇಂಥ ಮಣ್ಣಿನಲ್ಲಿ ಅದನ್ನು ನೋಡಬೇಕಾದದ್ದು ಫ್ರಾಜಿಪ್ಯಾನಿನ ನೆತ್ತಿಯಿಂದ 75 ಸೆಂಟಿಮೀಟರ್ ಕೆಳಗೆ, ಅಂದರೆ ನನ್ನ ಹಲಗೆ ಮುಗಿದು 13 ಸೆಂಟಿಮೀಟರ್ ಆದ ಮೇಲೆ. ಮಣ್ಣು ಕೊರೆಯುವ ಆಗರಿನಿಂದ ಅಲ್ಲಿಯ ಮಣ್ಣನ್ನು ತೆಗೆದು ಪ್ರಯೋಗಾಲಯವೊಂದಕ್ಕೆ ಕಳಿಸಿ, ಪಿಎಚ್ 8.2ರ ವಿಧಾನದಲ್ಲಿಯೇ ಅಳೆಯಬೇಕೆಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದೆ. ನಾಲ್ಕು ವಾರಗಳ ನಂತರ ಬಂದ ವರದಿಯಲ್ಲಿ ಆ ಅಂಕಿಯ ಬದಲು, ಜೋಳಕ್ಕೆ ಎಕರೆಗೆ ಎಷ್ಟು ಪೊಟ್ಯಾಷ್ ಹಾಕಬೇಕೆಂಬ ಸಲಹೆಯಿತ್ತು.