ಟೆಲಿಫೋನ್ ಕಂಪನಿಯಲ್ಲಿ ಕೂತು ಮಿದುಳು ನೋಡಿದವರು

ಬಯೋಮೆಡಿಕಲ್ ಇಂಜಿನಿಯರಿಂಗ್ ಮಕ್ಕಳಿಗೆ ಎಂಆರ್‌ಐ ಪಾಠ ಮಾಡುವಾಗ ಒಂದು ದಿನ ಸಿಲಬಸ್ ಪಕ್ಕಕ್ಕಿಟ್ಟು, ಕೆಲಸ ಮಾಡುತ್ತಿರುವ ಮಿದುಳನ್ನು ಎಂಆರ್‌ಐನಲ್ಲಿ ನೋಡುವ ದಾರಿ ತೋರಿಸಿದ ಸೇಜಿ ಒಗಾವಾ ಅವರ ವಿಷಯ ಹೇಳುತ್ತೇನೆ. ಇದು ಪರೀಕ್ಷೆಗೆ ಬರಲ್ಲ ಅಂತ ಗೊತ್ತಾದ ಕೂಡಲೇ ಹಿಂದಿನ ಬೆಂಚಿನವರು ಮೊಬೈಲು ತೆಗೀತಾರೆ. ತೆಗೀಲಿ.

ಒಗಾವಾ ಹುಟ್ಟಿದ್ದು 1934ರಲ್ಲಿ, ಟೋಕಿಯೋದಲ್ಲಿ. ಅಲ್ಲಿ ಓದಿದ್ದು ಅನ್ವಯಿಕ ಭೌತಶಾಸ್ತ್ರ, ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿದ್ದು ರಸಾಯನಶಾಸ್ತ್ರದಲ್ಲಿ. 1968ರಲ್ಲಿ ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್ ಸೇರಿದವರು 2001ರವರೆಗೂ ಅಲ್ಲೇ ಇದ್ದರು. "ಟೆಲಿಫೋನ್ ಕಂಪನಿಗೆ ರಕ್ತದ ಉಸಾಬರಿ ಯಾಕೆ ಮೇಡಂ?" ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆ ಕಾಲದ ಬೆಲ್ ಲ್ಯಾಬ್ಸ್‌ನಲ್ಲಿ ಜೀವಭೌತಶಾಸ್ತ್ರದ ಸಂಶೋಧನೆಯೂ ನಡೆಯುತ್ತಿತ್ತು. ಎಪ್ಪತ್ತರ ದಶಕದ ಶುರುವಿನಲ್ಲಿ ಒಗಾವಾ ಅಲ್ಲಿ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಎನ್‌ಎಂಆರ್ (ಎಂಆರ್‌ಐಗೆ ತಳಹದಿಯಾದ ತಂತ್ರ) ಅಧ್ಯಯನ ಮಾಡುತ್ತಿದ್ದರು. ನನಗೆ ಮುಖ್ಯ ಅನ್ನಿಸುವುದು ಇದೇ.

ಯಾಕೆಂದರೆ ಎಂಬತ್ತರ ದಶಕದ ಕೊನೆಯಲ್ಲಿ 7 ಟೆಸ್ಲಾ (ಟೆಸ್ಲಾ ಅಂದರೆ ಕಾಂತಕ್ಷೇತ್ರದ ಬಲದ ಅಳತೆ) ಮ್ಯಾಗ್ನೆಟ್ಟಿನೊಳಗೆ ಇಲಿಯ ಮಿದುಳಿನ ಚಿತ್ರ ತೆಗೆದಾಗ ಅದರ ತುಂಬಾ ಕಪ್ಪು ಗೆರೆಗಳು ಕಂಡವು. ಇಲಿ ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಗೆರೆಗಳು ಗಾಢವಾಗುತ್ತಿದ್ದವು, ಹೆಚ್ಚಿಸಿದರೆ ಮಸುಕಾಗುತ್ತಿದ್ದವು. ಇಂಗಾಲದ ಡೈಆಕ್ಸೈಡ್ ಬೆರೆಸಿ ಮಿದುಳಿಗೆ ರಕ್ತದ ಹರಿವು ಏರಿಸಿದರೆ ಬಹುಪಾಲು ಮಾಯ. ನಾನಾಗಿದ್ದರೆ ಸರ್ವಿಸ್ ಇಂಜಿನಿಯರಿಗೆ ಫೋನ್ ಮಾಡುತ್ತಿದ್ದೆನೋ ಏನೋ! ಹಿಮೋಗ್ಲೋಬಿನ್ ಜೊತೆ ವರ್ಷಗಟ್ಟಲೆ ಒಡನಾಡಿದವರಿಗೆ ಬೇರೆ ಸುಳಿವು ಸಿಕ್ಕಿತು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್‌ಗೆ ಕಾಂತಗುಣ ಬರುತ್ತದೆ ಎಂದು ರಸಾಯನಶಾಸ್ತ್ರಜ್ಞರಾದ ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಅಂಥ ರಕ್ತ ಸುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸುತ್ತದೆ, ಚಿತ್ರದಲ್ಲಿ ಅಲ್ಲಿ ಕಪ್ಪಾಗುತ್ತದೆ. ಒಗಾವಾ ಗಾಜಿನ ನಳಿಕೆಯಲ್ಲಿ ರಕ್ತ ಇಟ್ಟೂ ಇದನ್ನು ಪರೀಕ್ಷಿಸಿದರು. ಬೋಲ್ಡ್ (ರಕ್ತದ ಆಮ್ಲಜನಕ ಮಟ್ಟವನ್ನು ಅವಲಂಬಿಸಿದ್ದು ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಹೆಸರಿನೊಂದಿಗೆ 1990ರಲ್ಲಿ ಪ್ರಬಂಧ ಬಂತು.

ಇಲ್ಲಿ ಮಕ್ಕಳು ತಪ್ಪದೆ ಎಡವುತ್ತಾರೆ. ಕೆಲಸ ಮಾಡುವ ಮಿದುಳು ಆಮ್ಲಜನಕ ಖರ್ಚು ಮಾಡಬೇಕಲ್ಲ, ಆ ಜಾಗ ಇನ್ನೂ ಕಪ್ಪಾಗಬೇಕಲ್ಲ? ಇಲ್ಲ, ಬೆಳ್ಳಗಾಗುತ್ತದೆ. ನೂರು ಎಲೆಗೆ ಹೇಳಿದರೆ ನೂರೈವತ್ತು ಎಲೆಗೆ ಬೇಯಿಸುವ ಮದುವೆಮನೆ ಭಟ್ಟರ ಹಾಗೆ, ದೇಹ ಅಲ್ಲಿಗೆ ಬೇಕಾದ್ದಕ್ಕಿಂತ ಹೆಚ್ಚು, ಆಮ್ಲಜನಕ ತುಂಬಿದ ಹೊಸ ರಕ್ತ ಕಳಿಸುತ್ತದೆ.

ಬೆಲ್ ಲ್ಯಾಬ್ಸ್ ಬಿಟ್ಟುಹೋಗಿದ್ದ ಕಾಮಿಲ್ ಉಗುರ್‌ಬಿಲ್ ಆಗ ಮಿನೆಸೋಟ ವಿಶ್ವವಿದ್ಯಾಲಯದಲ್ಲಿದ್ದರು. ಒಗಾವಾ ಅವರೊಂದಿಗೆ ಸೇರಿ ಮಾಡಿದ ಮನುಷ್ಯರ ಮೇಲಿನ ಪ್ರಯೋಗ ಅಲ್ಲಿನ 4 ಟೆಸ್ಲಾ ಯಂತ್ರದಲ್ಲಿ ನಡೆದು, 1992ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಾಸ್ಟನ್ನಿನ ಕ್ವಾಂಗ್, ವಿಸ್ಕಾನ್ಸಿನ್ನಿನ ಬಂಡೆಟ್ಟಿನಿ ತಂಡಗಳ ಇಂಥದೇ ಪ್ರಯೋಗಗಳೂ ಬಂದವು.

ಬಂಡೆಟ್ಟಿನಿಯ ಪ್ರಯೋಗ ಬೆರಳು ತಟ್ಟುವುದು. ಸಹೋದ್ಯೋಗಿಯ ಸಂಶೋಧನೆಗಾಗಿ ನಾನೂ ಒಮ್ಮೆ ಯಂತ್ರದೊಳಗೆ ಮಲಗಿ ಅದನ್ನೇ ಮಾಡಿದ್ದೇನೆ. ಮೈಮೇಲೆ ಲೋಹ ಇರಬಾರದು ಅಂದಿದ್ದಕ್ಕೆ ಅತ್ತೆ ತಾಳಿ ತೆಗೆಸಿಟ್ಟು, ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿ ಕಳಿಸಿದ್ದರು. ಅಷ್ಟು ಹೊತ್ತು ಬಲಗೈ ಬೆರಳು ತಟ್ಟಿದ್ದಕ್ಕೆ ಸಿಕ್ಕಿದ್ದು ಮಿದುಳಿನ ಎಡಭಾಗದಲ್ಲಿ ಒಂದು ಕೆಂಪು ಚುಕ್ಕೆ. ಆ ಕೆಂಪು ಕೂಡ ನಾವು ಹಚ್ಚಿದ ಬಣ್ಣ. ನಿಜವಾದ ಬದಲಾವಣೆ ಶೇಕಡಾ ಒಂದೆರಡರಷ್ಟು ಮಾತ್ರ. "ಪ್ರೀತಿಸಿದಾಗ ಮಿದುಳಿನ ಈ ಭಾಗ ಬೆಳಗುತ್ತದೆ" ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಇದು ನೆನಪಾಗಿ ಸಿಟ್ಟು ಬರುತ್ತದೆ. ಕಾಣುವುದು ರಕ್ತ ಕಣ್ರೀ, ಪ್ರೀತಿಯಲ್ಲ.

2003ರ ವೈದ್ಯಕೀಯ ನೊಬೆಲ್ ಎಂಆರ್‌ಐಗಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ ಹೋಯಿತು. ಒಗಾವಾಗೆ ಅದೇ ವರ್ಷ ಜಪಾನ್ ಪ್ರಶಸ್ತಿ ಬಂತು. ಎಪ್ಪತ್ತು ದಾಟಿದ ಮೇಲೆ ಅವರು ದಕ್ಷಿಣ ಕೊರಿಯಾದ ಗಾಚನ್ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರಾಗಿ ಹೋದರು. ನಮ್ಮಲ್ಲಾದರೆ ಅಷ್ಟರಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಮನೆಗೆ ಬಿಟ್ಟುಬಂದಿರುತ್ತಿದ್ದರು.

ಅವರ ವಿಧಾನದ ಕೊರತೆಯನ್ನೂ ಅವರೇ ಬೆನ್ನಟ್ಟಿದರು. ನರಕೋಶಗಳ ವ್ಯವಹಾರ ಸೆಕೆಂಡಿನ ಸಾವಿರದ ಭಾಗಗಳಲ್ಲಿ ಮುಗಿಯುತ್ತದೆ, ರಕ್ತದ ಪ್ರತಿಕ್ರಿಯೆ ಶಿಖರ ಮುಟ್ಟಲು ಐದಾರು ಸೆಕೆಂಡು ಬೇಕು. 2000ದಲ್ಲಿ ಅವರ ತಂಡ ಹತ್ತಾರು ಮಿಲಿಸೆಕೆಂಡುಗಳ ಅಂತರದಲ್ಲಿ ಎರಡು ಪ್ರಚೋದನೆ ಕೊಟ್ಟು, ಒಂದರಿಂದ ಇನ್ನೊಂದರ ಪ್ರತಿಕ್ರಿಯೆ ಎಷ್ಟು ಬದಲಾಗುತ್ತದೆ ಎಂದು ಅಳೆಯಿತು. ಈ ಪ್ರಬಂಧವನ್ನು ಪ್ರಾಜೆಕ್ಟಿಗೆ ತಗೊಳ್ತೀನಿ ಅಂತ ಈ ಸಲ ಒಬ್ಬಳು ಬಂದಿದ್ದಾಳೆ, ಅದೂ ಹಿಂದಿನ ಬೆಂಚಿನವಳೇ. ಗಣಿತ ಸ್ವಲ್ಪ ಗಟ್ಟಿ ಮಾಡ್ಕೊಂಡು ಬಾರಮ್ಮ ಅಂತ ಹೇಳಿ ಕಳಿಸಿದ್ದೇನೆ.